ಬೇರುನಾಳ ಚಿಕಿತ್ಸೆಯ ಸೋಂಕುನಿವಾರಕ ದ್ರಾವಣಗಳು

ರೂಟ್ ಕೆನಾಲ್ ಎಂದು ರೂಢಿಯಲ್ಲಿರುವ ಬೇರುನಾಳ ಚಿಕಿತ್ಸೆಯಲ್ಲಿ ಹಲ್ಲಿನ ಬೇರಿನೊಳಗಿನ ಬ್ಯಾಕ್ಟೀರಿಯಾಗಳನ್ನು ನಾಶಪಡಿಸಲು ಸೋಂಕುನಿವಾರಕ ದ್ರಾವಣಗಳನ್ನು ಬಳಸಲಾಗುತ್ತದೆ. ನಾಳದ ಕವಲುಗಳಿಗೂ ಡೆಂಟಿನ್‌ನ ಸೂಕ್ಷ್ಮ ನಳಿಕೆಗಳಿಗೂ ಲೋಹದ ಫೈಲುಗಳು ತಲುಪಲಾರವು; ಆದುದರಿಂದ ನಾಳವನ್ನು ದ್ರಾವಣದಿಂದ ತೊಳೆಯುವುದು ಅನಿವಾರ್ಯ.

ಕಾರ್ಯವಿಧಾನ

ಇವುಗಳಲ್ಲಿ ಮುಖ್ಯವಾದುದು ಸೋಡಿಯಂ ಹೈಪೋಕ್ಲೋರೈಟ್. ಬಟ್ಟೆಯ ಕಲೆ ತೆಗೆಯುವ ದ್ರವರೂಪದ ಬ್ಲೀಚಿನಲ್ಲಿರುವುದೂ ಇದೇ ರಾಸಾಯನಿಕ. ದಂತವೈದ್ಯರು ಇದನ್ನು ಸಾಮಾನ್ಯವಾಗಿ ಶೇ. 0.5ರಿಂದ 5.25ರ ಪ್ರಮಾಣದಲ್ಲಿ ಬಳಸುತ್ತಾರೆ. ಇದರಿಂದ ಉಂಟಾಗುವ ಹೈಪೋಕ್ಲೋರಸ್ ಆಮ್ಲವು ಬ್ಯಾಕ್ಟೀರಿಯಾದ ಕಿಣ್ವಗಳನ್ನು ಉತ್ಕರ್ಷಿಸಿ ನಿಷ್ಕ್ರಿಯಗೊಳಿಸುತ್ತದೆ. ದ್ರಾವಣದ ತೀವ್ರ ಕ್ಷಾರೀಯತೆಯು ಕೋಶಪೊರೆಯನ್ನು ಕೆಡಿಸುತ್ತದೆ. ಸತ್ತ ದಂತಮಜ್ಜೆಯನ್ನೂ ಇದು ಕರಗಿಸುತ್ತದೆ. ಈ ಕ್ರಿಯೆಯಲ್ಲಿ ಕ್ಲೋರಿನ್ ವ್ಯಯವಾಗುವುದರಿಂದ ಹೊಸ ದ್ರಾವಣವನ್ನು ಮತ್ತೆ ಮತ್ತೆ ಹರಿಸಬೇಕಾಗುತ್ತದೆ.

ಫೈಲಿನಿಂದ ಕೆರೆದಾಗ ನಾಳದ ಗೋಡೆಗೆ ಮೆತ್ತಿಕೊಳ್ಳುವ ಪದರದ ಖನಿಜಾಂಶವನ್ನು ಶೇ. 17ರ ಇಡಿಟಿಎ ದ್ರಾವಣವು ತೆಗೆಯುತ್ತದೆ. ಶೇ. 2ರ ಕ್ಲೋರ್‌ಹೆಕ್ಸಿಡಿನ್‌ನ ಧನಾವೇಶದ ಅಣುಗಳು ಋಣಾವೇಶವುಳ್ಳ ಕೋಶಭಿತ್ತಿಗೆ ಅಂಟಿಕೊಂಡು, ಪೊರೆಯನ್ನು ಭೇದಿಸಿ, ಕೋಶದ್ರವ್ಯ ಸೋರುವಂತೆ ಮಾಡುತ್ತವೆ. ಆದರೆ ಅದು ಅಂಗಾಂಶವನ್ನು ಕರಗಿಸಲಾರದು.

ಎಚ್ಚರಿಕೆಗಳು

ಹೈಪೋಕ್ಲೋರೈಟ್ ಮತ್ತು ಕ್ಲೋರ್‌ಹೆಕ್ಸಿಡಿನ್ ನೇರವಾಗಿ ಬೆರೆತರೆ ಕಂದು ಬಣ್ಣದ ಗಷ್ಟು ಉಂಟಾಗುತ್ತದೆ. ಆದುದರಿಂದ ಒಂದನ್ನು ತೊಳೆದು ತೆಗೆದ ಮೇಲೆಯೇ ಇನ್ನೊಂದನ್ನು ಬಳಸಬೇಕು. ಹೈಪೋಕ್ಲೋರೈಟ್ ಬೇರಿನ ತುದಿಯಿಂದಾಚೆ ನುಗ್ಗಿದರೆ ತೀವ್ರ ನೋವು, ಬಾವು ಕಾಣಿಸಿಕೊಳ್ಳುತ್ತವೆ. ಅದಕ್ಕಾಗಿ ಪಕ್ಕದಲ್ಲಿ ರಂಧ್ರವಿರುವ ಸೂಜಿಯಿಂದ, ಒತ್ತಡವಿಲ್ಲದೆ, ನಿಧಾನವಾಗಿ ಹರಿಸುತ್ತಾರೆ. ನೋವು ನಿಂತಿತೆಂದು ರೋಗಿಯು ಚಿಕಿತ್ಸೆಯನ್ನು ಅರ್ಧಕ್ಕೆ ಬಿಟ್ಟರೆ, ಉಳಿದ ಬ್ಯಾಕ್ಟೀರಿಯಾಗಳು ಮತ್ತೆ ವೃದ್ಧಿಸಿ ಹಲ್ಲನ್ನೇ ಕಳೆದುಕೊಳ್ಳಬೇಕಾಗಬಹುದು.