ಸೊಟ್ಟಗಾದ ಗಾಲಿ

ಮೈಸೂರಿನಿಂದ ನಂಜನಗೂಡಿಗೆ ಹೋಗುವ ದಾರಿಯಲ್ಲಿ ಮಳೆನೀರು ತುಂಬಿದ್ದ ಹಳ್ಳವೊಂದು ನನ್ನ ಹಳೆಯ ಯೆಜ್ಡಿ ಮೋಟಾರ್ ಸೈಕಲ್ಲಿನ ಮುಂಗಾಲಿಯನ್ನು ನುಂಗಿ ಉಗುಳಿತು. ಹಿಂದೆ ಮಗಳು ಕುಳಿತಿದ್ದಳು. ಪುಣ್ಯಕ್ಕೆ ಬೀಳಲಿಲ್ಲ. ಆದರೆ ಆ ಕ್ಷಣದಿಂದ ಹ್ಯಾಂಡಲ್ಲು ಚಳಿಜ್ವರ ಹಿಡಿದವನಂತೆ ನಡುಗತೊಡಗಿತು. “ಅಪ್ಪ, ಗಾಡಿ ಕುಂಟುತ್ತಿದೆ” ಎಂದಳು ಮಗಳು. ರಿಮ್ಮು ಬಾಗಿತ್ತು.

ಎತ್ತಿನ ಗಾಡಿಯ ವೇಗದಲ್ಲಿ ಊರಿಗೆ ಹಿಂತಿರುಗಿದೆವು. ೧೯೬೧ರಿಂದ ೧೯೯೬ರವರೆಗೆ ಮೊದಲು ಜಾವಾ, ಅನಂತರ ಯೆಜ್ಡಿ ಎಂಬ ಹೆಸರಿನಲ್ಲಿ ಈ ಗಾಡಿಗಳು ತಯಾರಾದದ್ದು ಮೈಸೂರಿನಲ್ಲಿಯೇ. ಕಾರ್ಖಾನೆ ಮುಚ್ಚಿತಾದರೂ ಅವುಗಳ ನಾಡಿ ಬಲ್ಲ ಮೇಸ್ತ್ರಿಗಳು ಇಲ್ಲದೆ ಹೋಗಿಲ್ಲ.

ನನಗೆ ಸಿಕ್ಕ ಮೇಸ್ತ್ರಿ ಸುತ್ತಿಗೆಯನ್ನು ಮುಟ್ಟಲೇ ಇಲ್ಲ. ಗಾಲಿಯನ್ನು ನೆಲದಿಂದ ಎತ್ತಿ ನಿಲ್ಲಿಸಿ, ಮೊದಲು ಅದನ್ನು ಅಡ್ಡಡ್ಡ ಅಲುಗಿಸಿ ಬೇರಿಂಗು ಸವೆದಿಲ್ಲವೆಂದು ಖಚಿತಪಡಿಸಿಕೊಂಡರು. ಬಳಿಕ ಫೋರ್ಕಿಗೆ ಕೈಯೂರಿ, ತಿರುಗುವ ರಿಮ್ಮಿನ ಪಕ್ಕಕ್ಕೆ ಸೀಮೆಸುಣ್ಣದ ತುಂಡೊಂದನ್ನು ಹಿಡಿದರು. ಎಲ್ಲಿ ರಿಮ್ಮು ಹೊರಗೆ ವಾಲಿತ್ತೋ ಅಲ್ಲಿ ಮಾತ್ರ ಬಿಳಿಯ ಗೆರೆ ಮೂಡಿತು. ಆಮೇಲೆ ೩೬ ಕಡ್ಡಿಗಳನ್ನೂ ಸ್ಪಾನರಿನಿಂದ ಒಂದೊಂದಾಗಿ ತಟ್ಟುತ್ತ ಕಿವಿಗೊಟ್ಟರು. ಬಿಗಿಯಾದ ಕಡ್ಡಿ ‘ಟಿಣ್’ ಎನ್ನುತ್ತದೆ. ಸಡಿಲಾದದ್ದು ಮಂಕಾಗಿ ಸದ್ದು ಮಾಡುತ್ತದೆ.

ಎತ್ತಿನ ಗಾಡಿಯ ಚಕ್ರದಲ್ಲಿ ಭಾರವನ್ನು ಹೊರುವುದು ಕೆಳಗಿನ ಮರದ ಕಾಲುಗಳು. ಮೋಟಾರ್ ಸೈಕಲ್ಲಿನ ತೆಳುವಾದ ತಂತಿಕಡ್ಡಿ ಹಾಗೆ ಭಾರ ಹೊತ್ತು ನಿಲ್ಲಲಾರದು, ಬಳುಕಿಬಿಡುತ್ತದೆ. ಅದು ಎಳೆಯಬಲ್ಲದು, ಅಷ್ಟೆ. ಎಲ್ಲ ಕಡ್ಡಿಗಳೂ ರಿಮ್ಮನ್ನು ಏಕಕಾಲಕ್ಕೆ ನಡುವಿನತ್ತ ಎಳೆದು ಹಿಡಿದಿರುವುದರಿಂದಲೇ ಗಾಲಿ ದುಂಡಗೆ ನಿಂತಿರುತ್ತದೆ. ಒಂದೆಡೆ ಎಳೆತ ತಪ್ಪಿದರೆ ಗಾಲಿ ಇನ್ನೊಂದೆಡೆಗೆ ವಾಲುತ್ತದೆ.

ಹೀಗೆ ವಾಲಿದ್ದನ್ನು ಸರಿಪಡಿಸುವುದೇ ‘ಬೆಂಡು ತೆಗೆಯುವುದು’. ರಿಮ್ಮು ಎಡಕ್ಕೆ ವಾಲಿದ್ದರೆ ಅಲ್ಲಿನ ಎಡಗಡೆಯ ಕಡ್ಡಿಗಳನ್ನು ಸಡಿಲಿಸಿ ಬಲಗಡೆಯವನ್ನು ಬಿಗಿಗೊಳಿಸಬೇಕು. ಅದೂ ನಿಪ್ಪಲ್ಲನ್ನು ಒಮ್ಮೆಗೆ ಕಾಲು ಸುತ್ತು, ಹೆಚ್ಚೆಂದರೆ ಅರ್ಧ ಸುತ್ತು. ಆತುರಗಾರನು ಒಂದು ಸೊಟ್ಟನ್ನು ನೀಗಿಸಹೋಗಿ ಎರಡನ್ನು ಸೃಷ್ಟಿಸುತ್ತಾನೆ. ಅಡ್ಡಕ್ಕಾಗಲಿ ಮೇಲೆ ಕೆಳಗಾಗಲಿ ಓಲಾಟವು ಸುಮಾರು ೨ ಮಿಲಿಮೀಟರಿನೊಳಗೆ ಬಂದರೆ ಸಾಮಾನ್ಯವಾಗಿ ಸಾಕೆನ್ನುತ್ತಾರೆ. ಕೊನೆಗೆ ನಿಪ್ಪಲ್ಲಿನಿಂದ ಒಳಗೆ ಇಣುಕುವ ಕಡ್ಡಿಯ ತುದಿಗಳನ್ನು ಅರದಿಂದ ಉಜ್ಜಬೇಕು. ಇಲ್ಲವಾದರೆ ಅವು ಟ್ಯೂಬನ್ನು ಚುಚ್ಚುತ್ತವೆ.

ನನ್ನ ಗಾಲಿಯ ಕಷ್ಟ ಅಷ್ಟಕ್ಕೇ ಮುಗಿಯಲಿಲ್ಲ. ಟೈರನ್ನು ಬಿಚ್ಚಿದಾಗ ರಿಮ್ಮಿನ ಅಂಚು ಒಂದೆಡೆ ಒಳಕ್ಕೆ ಜಜ್ಜಿಹೋಗಿರುವುದು ಕಂಡಿತು. ಎರಡು ತಿಂಗಳಿಂದ ಗಾಳಿ ನೋಡಿಸದ ನನ್ನ ಸೋಮಾರಿತನದ ಫಲವಿದು: ಟೈರು ಮೆತ್ತಗಾಗಿದ್ದರೆ ಹಳ್ಳದ ಪೆಟ್ಟು ನೇರವಾಗಿ ಲೋಹಕ್ಕೇ ಬೀಳುತ್ತದೆ. ಇಂಥ ತಗ್ಗನ್ನು ಕಡ್ಡಿಗಳ ಎಳೆತ ಸರಿಪಡಿಸಲಾರದು.

“ಸುತ್ತಿಗೆಯಿಂದ ತಟ್ಟಿ ಸರಿಮಾಡಬಹುದಲ್ಲವೇ?” ಎಂದೆ. ಜೇಬಿನ ಚಿಂತೆ.

“ತಟ್ಟೋದು ಎರಡು ನಿಮಿಷದ ಕೆಲಸ ಸ್ವಾಮಿ. ಹಿಂದಿನ ಗಾಲಿ, ಸಣ್ಣ ಏಟು ಅಂದಿದ್ರೆ ನೋಡಬಹುದಿತ್ತು. ಇದು ಮುಂದಿನದು. ಮಗೂನ ಕೂರಿಸ್ಕೊಂಡು ಓಡಾಡ್ತೀರಿ.”

ನಾನು ಮತ್ತೆ ಚೌಕಾಸಿ ಮಾಡಲಿಲ್ಲ. ಹಳೆಯ ಹಬ್ಬನ್ನು ಉಳಿಸಿಕೊಂಡು ಹೊಸ ರಿಮ್ಮು, ಹೊಸ ಕಡ್ಡಿಗಳನ್ನು ಹೆಣೆದು ಕೊಟ್ಟರು. ಕಡ್ಡಿಯ ಗಾಲಿಯಲ್ಲಿ ಇದೊಂದು ಅನುಕೂಲ, ಕೆಟ್ಟದ್ದನ್ನಷ್ಟೆ ಬದಲಾಯಿಸಬಹುದು. ಈಚಿನ ಗಾಡಿಗಳ ಎರಕದ ಅಲಾಯ್ ಗಾಲಿಗೆ ಆ ಭಾಗ್ಯವಿಲ್ಲ. ಉಕ್ಕು ಬಾಗುವ ಕಡೆ ಅದು ಬಿರಿಯುವುದುಂಟು, ಬಿರುಕು ಕಣ್ಣಿಗೆ ಬೀಳದಿರುವುದೂ ಉಂಟು. ಬೆಂಕಿಯಲ್ಲಿ ಕಾಯಿಸಿ ಬಗ್ಗಿಸಿದರೆ ಲೋಹದ ಬಲವೇ ಕುಂದುತ್ತದೆ. ಟ್ಯೂಬಿಲ್ಲದ ಟೈರಾದರೆ ಜಜ್ಜಿದ ಅಂಚಿನಿಂದ ಗಾಳಿಯೂ ಸೋರುತ್ತದೆ. ಅಂಥ ಮುಂಗಾಲಿಯನ್ನು ರಿಪೇರಿಗೆ ಕೊಡುವುದಕ್ಕಿಂತ ಹೊಸದನ್ನು ಕೊಳ್ಳುವುದೇ ಮೇಲೆಂಬುದು ನನ್ನ ಅಭಿಪ್ರಾಯ.

ಹೊಸ ಕಡ್ಡಿಗಳು ಓಟದಲ್ಲಿ ಕೂತು ಸಡಿಲಗೊಳ್ಳುವುದರಿಂದ ಕೆಲವು ದಿನಗಳ ಮೇಲೆ ಗಾಡಿಯನ್ನು ಮತ್ತೊಮ್ಮೆ ತರಹೇಳಿದ್ದರು. ಹೋಗಿಬಂದೆ. ಹಳೆಯ ರಿಮ್ಮು ಈಗ ನಮ್ಮ ಹಿತ್ತಿಲಲ್ಲಿದೆ. ಮಗಳು ಅದರ ಮೇಲೆ ಹೀರೆಬಳ್ಳಿ ಹಬ್ಬಿಸಿದ್ದಾಳೆ.