ನಕ್ಷತ್ರ ತೂಗದ ಮನೆಯ ಕ್ರಿಸ್ಮಸ್

ಡಿಸೆಂಬರ್ ತಿಂಗಳು ಕಾಲಿಟ್ಟಿತೆಂದರೆ ಮುಂಬಯಿಯ ಬಾಂದ್ರಾ, ಮಾಹಿಮ್, ಕಾಲೀನಾ, ಮರೋಳ ಮೊದಲಾದ ಭಾಗಗಳಲ್ಲಿ ಕ್ರೈಸ್ತ ಬಾಂಧವರ ಮನೆಗಳ ಮುಂದೆ ನಕ್ಷತ್ರದೀಪಗಳು ತೂಗತೊಡಗುವುದನ್ನು ನಮ್ಮ ವಿದ್ಯಾರ್ಥಿಗಳು ಕಂಡೇ ಇದ್ದಾರೆ. ಬಿದಿರಿನ ಸೀಳುಗಳನ್ನು ಐದು ಮೂಲೆಯಾಗಿ ಕಟ್ಟಿ, ಬಣ್ಣದ ಕಾಗದವನ್ನು ಅಂಟಿಸಿ, ಒಳಗೊಂದು ದೀಪವನ್ನಿರಿಸಿ ಮಾಡುವ ಈ ನಕ್ಷತ್ರವನ್ನು ದೀಪಾವಳಿಗೆ ನಾವು ಕಟ್ಟುವ ಗೂಡುದೀಪದ ಒಡಹುಟ್ಟೆಂದರೂ ಸಲ್ಲುವುದು. ಇಂತಹ ಬೆಳಕಿನ ಸಾಲಿನ ನಡುವೆ ಯಾವುದೋ ಒಂದು ಮನೆಯ ಮುಂಬಾಗಿಲು ಮಾತ್ರ ಬರಿದಾಗಿರುತ್ತದೆ. ಆ ಬೀದಿಯನ್ನು ಬಲ್ಲವರಿಗೆ ಅದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಈ ವರ್ಷ ಆ ಮನೆಯವರು ಯಾರನ್ನೋ ಕಳೆದುಕೊಂಡಿದ್ದಾರೆ.

ಈ ಬರಿಯ ಬಾಗಿಲು ನಮ್ಮವರಿಗೆ ಅಪರಿಚಿತವಾದುದಲ್ಲ. ಕನ್ನಡನಾಡಿನ ಹಿಂದೂ ಮನೆಗಳಲ್ಲಿಯೂ ಸೂತಕವು ಹತ್ತು ಹನ್ನೆರಡು ದಿನಗಳಲ್ಲಿ ಕಳೆದರೂ ವರ್ಷಾಂತಿಕ ಮುಗಿಯುವ ತನಕ ಹಬ್ಬವಿಲ್ಲವೆನ್ನುವ ವಾಡಿಕೆ ಬಹಳ ಕಡೆ ಉಂಟು. ಬಾಗಿಲಿಗೆ ತೋರಣವಿಲ್ಲ, ಒಲೆಯ ಮೇಲೆ ಎಣ್ಣೆಯ ಬಾಣಲೆಯಿಲ್ಲ. ಯುಗಾದಿಯ ದಿನ ನೆರೆಮನೆಯವರೇ ನಾಲ್ಕು ಹೋಳಿಗೆಗಳನ್ನು ಎಲೆಯಲ್ಲಿ ಮುಚ್ಚಿ ತಂದುಕೊಟ್ಟು, ಹೆಚ್ಚು ಮಾತಾಡದೆ ಹಿಂದಿರುಗುತ್ತಾರೆ. ಮಂಗಳೂರಿನ ಕಡೆಯ ಕ್ರೈಸ್ತರ ಮನೆಗಳಲ್ಲಿ ಕ್ರಿಸ್ಮಸ್ಸಿಗೆ ಕಿಡ್ಯೊ, ನೆವ್ರಿ, ಗುಳಿಯೊ, ಚಕ್ಕುಲಿ ಮುಂತಾದ ತಿಂಡಿಗಳನ್ನು ಮಾಡಿ ತಟ್ಟೆ ತುಂಬಿ ಹಂಚುವರಷ್ಟೆ. ಇದಕ್ಕೆ ಕುಸ್ವಾರ್ ಎಂದು ಹೆಸರು. ದುಃಖದ ವರ್ಷದಲ್ಲಿ ಆ ಮನೆಯಿಂದ ತಟ್ಟೆ ಹೊರಡುವುದಿಲ್ಲ, ಆ ಮನೆಗೆ ಮಾತ್ರ ಬರುತ್ತದೆ. ನಾವು ಕಂಡ ಮಟ್ಟಿಗೆ, ಕೊಟ್ಟ ತಟ್ಟೆಯನ್ನು ಬರಿದಾಗಿ ಹಿಂದಿರುಗಿಸಿದರೂ ಯಾರೂ ತಪ್ಪೆಣಿಸದ ಸಂದರ್ಭ ಇದೊಂದೇ.

ಕ್ರಿಸ್ಮಸ್ಸಿನ ಅಲಂಕಾರಕ್ಕೂ ಅಗಲಿಕೆಗೂ ಇರುವ ಸಂಬಂಧವನ್ನು ತಿಳಿಯಬೇಕಾದರೆ ಇಂಗ್ಲೆಂಡಿನ ಚರಿತ್ರೆಯ ಒಂದು ಪುಟವನ್ನು ತಿರುವಬೇಕು. ದೀಪಗಳಿಂದ ಸಿಂಗರಿಸಿದ ಹಸಿರು ಮರವನ್ನು ಮನೆಯೊಳಗೆ ನಿಲ್ಲಿಸುವ ಪದ್ಧತಿ ಮೂಲತಃ ಜರ್ಮನ್ನರದು. ಮೂರನೆಯ ಜಾರ್ಜನ ರಾಣಿ ಶಾರ್ಲೆಟ್ ಜರ್ಮನಿಯಿಂದ ಬಂದವಳಾದುದರಿಂದ 1800ನೆಯ ಇಸವಿಯಲ್ಲಿಯೇ ವಿಂಡ್ಸರಿನಲ್ಲಿ ಇಂತಹ ಮರವೊಂದನ್ನು ಮಕ್ಕಳಿಗಾಗಿ ನಿಲ್ಲಿಸಿದ್ದಳು. ಆದರೆ ಅದು ಅರಮನೆಯನ್ನು ದಾಟಿ ಜನಸಾಮಾನ್ಯರ ಮನೆಗೆ ಬಂದುದು ವಿಕ್ಟೋರಿಯಾ ರಾಣಿಯ ಕಾಲದಲ್ಲಿ. ಆಕೆಯ ಪತಿ ಆಲ್ಬರ್ಟನೂ ಜರ್ಮನಿಯವನೇ. ತನ್ನ ಬಾಲ್ಯದ ಹಬ್ಬವನ್ನು ತನ್ನ ಮಕ್ಕಳಿಗೂ ಉಣಿಸಬೇಕೆಂಬ ಹಂಬಲ ಅವನಿಗಿತ್ತು. 1848ರ ಡಿಸೆಂಬರಿನಲ್ಲಿ 'ಇಲ್ಲಸ್ಟ್ರೇಟೆಡ್ ಲಂಡನ್ ನ್ಯೂಸ್' ಪತ್ರಿಕೆಯು ರಾಜದಂಪತಿಗಳೂ ಮಕ್ಕಳೂ ಅಲಂಕೃತ ಮರದ ಸುತ್ತ ನಿಂತಿರುವ ಚಿತ್ರವನ್ನು ಅಚ್ಚುಮಾಡಿತು. ಆ ಬಳಿಕ ಮರವಿಲ್ಲದ ಮನೆಯೇ ಬಡಮನೆ ಎಂಬಂತಾಯಿತು. ಎರಡು ವರ್ಷಗಳ ತರುವಾಯ ಅಮೆರಿಕದ ಒಂದು ಮಹಿಳಾ ಪತ್ರಿಕೆ ಅದೇ ಚಿತ್ರದಿಂದ ರಾಣಿಯ ಕಿರೀಟವನ್ನು ಅಳಿಸಿ, ಅದನ್ನು ಯಾವುದೋ ಅಮೆರಿಕನ್ ಸಂಸಾರದ ಚಿತ್ರವೆಂಬಂತೆ ಪ್ರಕಟಿಸಿತು! ಹಬ್ಬಗಳು ದೇಶಾಂತರ ಹೋಗುವ ಬಗೆ ಹೀಗೂ ಉಂಟು.

ಹಬ್ಬದ ಮರವನ್ನು ಆ ನಾಡಿಗೆ ರೂಢಿಮಾಡಿಕೊಟ್ಟ ಅದೇ ಆಲ್ಬರ್ಟನು 1861ನೆಯ ಡಿಸೆಂಬರ್ 14ರಂದು, ತನ್ನ 42ನೆಯ ವಯಸ್ಸಿನಲ್ಲಿ ತೀರಿಕೊಂಡನು. ಕ್ರಿಸ್ಮಸ್ಸಿಗೆ ಉಳಿದಿದ್ದುದು ಹನ್ನೊಂದೇ ದಿನ. 23ರಂದು ಶವಸಂಸ್ಕಾರ. ರಾಣಿ ಆ ವೇಳೆಗೆ ವಿಂಡ್ಸರನ್ನು ಬಿಟ್ಟು ವೈಟ್ ದ್ವೀಪದ ಆಸ್ಬರ್ನ್ ಮನೆಯನ್ನು ಸೇರಿದ್ದಳು. ಚಿಕ್ಕಂದಿನಿಂದ ದಿನಚರಿ ಬರೆಯುತ್ತ ಬಂದವಳು ಪತಿಯ ಮರಣದ ತರುವಾಯ ಲೇಖನಿಯನ್ನೇ ಮುಟ್ಟದೆ, 1862ರ ಜನವರಿ 1ರಂದು ಅದನ್ನು ಮತ್ತೆ ಕೈಗೆತ್ತಿಕೊಂಡಳು. ಕಪ್ಪು ಉಡುಗೆಯನ್ನಂತೂ 1901ರಲ್ಲಿ ತಾನು ಸಾಯುವವರೆಗೂ ಕಳಚಲಿಲ್ಲ. ವಿಧಿಯ ಆಟವೆನ್ನೋಣವೇ, 1878ರಲ್ಲಿ ಆಕೆಯ ಮಗಳು ಆಲಿಸ್ ಗಂಟಲಮಾರಿಯಿಂದ ತೀರಿಕೊಂಡುದೂ ಅದೇ ಡಿಸೆಂಬರ್ 14ರಂದೇ. ಹಬ್ಬದ ಮುನ್ನಾವಾರವೇ ಆ ಮನೆಗೆ ಶ್ರಾದ್ಧದ ವಾರವಾಯಿತು. ಆದರೆ ಇಲ್ಲಿ ಗಮನಿಸತಕ್ಕ ಸಂಗತಿ ಬೇರೊಂದಿದೆ. ಮುಂದಿನ ವರ್ಷಗಳಲ್ಲಿ ಅದೇ ಆಸ್ಬರ್ನ್ ಮನೆಯಲ್ಲಿ ಮೊಮ್ಮಕ್ಕಳಿಗಾಗಿ ಮರಗಳು ಮತ್ತೆ ನಿಂತವು. ಕಪ್ಪುಟ್ಟ ಅಜ್ಜಿಯೂ ದೀಪ ಹೊತ್ತಿದ ಮರವೂ ಒಂದೇ ಕೋಣೆಯಲ್ಲಿದ್ದವು.

ಆ ಕಾಲದ ಇಂಗ್ಲೆಂಡಿನಲ್ಲಿ ಶೋಕಾಚರಣೆಯೇ ಒಂದು ಶಾಸ್ತ್ರವಾಗಿತ್ತು. ವಿಧವೆ ಎಷ್ಟು ಕಾಲ ಯಾವ ಬಟ್ಟೆಯುಡಬೇಕು, ಕಾಗದದ ಅಂಚಿನ ಕಪ್ಪು ಪಟ್ಟಿ ಎಷ್ಟು ಅಗಲವಿರಬೇಕು ಎಂಬುದೆಲ್ಲ ನಿಯಮಬದ್ಧ. ಶೋಕದ ಉಡುಪನ್ನೇ ಮಾರುವ ದೊಡ್ಡ ಮಳಿಗೆಯೊಂದು 1841ರಲ್ಲಿ ಲಂಡನ್ನಿನ ರೀಜೆಂಟ್ ಬೀದಿಯಲ್ಲಿ ತೆರೆದಿತ್ತೆಂದರೆ ಉಳಿದುದನ್ನು ಊಹಿಸಿಕೊಳ್ಳಬಹುದು. ಈ ಆಡಂಬರ ನಮಗೆ ಮೆಚ್ಚಿಗೆಯಾಗುವುದಿಲ್ಲ. ಆದರೂ ಅದರಲ್ಲಿ ಒಂದು ಉಪಯೋಗವಿತ್ತು. ದುಃಖಿತರು ತಮ್ಮ ದುಃಖವನ್ನು ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ, ಬಟ್ಟೆಯೇ ಹೇಳುತ್ತಿತ್ತು.

ಇದಕ್ಕೆ ತೀರ ಬೇರೆಯಾದ ಮನೋಧರ್ಮವನ್ನು ಚಾರ್ಲ್ಸ್ ಡಿಕನ್ಸನಲ್ಲಿ ಕಾಣುತ್ತೇವೆ. 'ಎ ಕ್ರಿಸ್ಮಸ್ ಕ್ಯಾರಲ್' (1843) ಎಂಬ ಕಥೆಯಿಂದ ಕ್ರಿಸ್ಮಸ್ಸಿಗೆ ಮನೆಯ ಬೆಚ್ಚನೆಯ ಹಬ್ಬವೆಂಬ ಕಳೆಯನ್ನು ತಂದವರಲ್ಲಿ ಆತನು ಮುಖ್ಯ. 1851ರ ಮಾರ್ಚ್ 31ರಂದು ಅವನ ತಂದೆ ತೀರಿಕೊಂಡರು. ಸರಿಯಾಗಿ ಎರಡು ವಾರ ಕಳೆದು, ಏಪ್ರಿಲ್ 14ರಂದು, ಎಂಟು ತಿಂಗಳ ಹಸುಳೆ ಡೋರಾ ಎಂಬ ಮಗಳೂ ಹೋದಳು. ಆ ವರ್ಷದ ಕ್ರಿಸ್ಮಸ್ ಸಂಚಿಕೆಗೆ, ತಾನೇ ನಡೆಸುತ್ತಿದ್ದ 'ಹೌಸ್‌ಹೋಲ್ಡ್ ವರ್ಡ್ಸ್' ಪತ್ರಿಕೆಯಲ್ಲಿ, ವಯಸ್ಸು ಏರಿದಂತೆ ಕ್ರಿಸ್ಮಸ್ ಏನಾಗುತ್ತದೆ ಎಂಬುದನ್ನು ಕುರಿತು ಆತ ಒಂದು ಪ್ರಬಂಧ ಬರೆದನು. ಸತ್ತವರನ್ನು ಆ ದಿನ ಹೊರಗಿಡಬಾರದು, ಒಲೆಯ ಸುತ್ತಿನ ಕೂಟದಲ್ಲಿ ಅವರಿಗೂ ಸ್ಥಾನವಿರಬೇಕು ಎಂಬುದು ಅದರ ತಾತ್ಪರ್ಯ. ಹಬ್ಬವನ್ನು ಬಿಡುವುದಲ್ಲ, ಮರೆತು ಆಚರಿಸುವುದೂ ಅಲ್ಲ. ಅಗಲಿದವರನ್ನು ನೆನೆಯುವುದಕ್ಕೆ ಹಬ್ಬದ ದಿನಕ್ಕಿಂತ ತಕ್ಕ ದಿನ ಯಾವುದೆಂದು ಕೇಳುವ ರೀತಿ ಅದು. ಹೊಸದಾಗಿ ಮಗುವನ್ನು ಕಳೆದುಕೊಂಡ ತಂದೆ ಬರೆದುದೆಂದು ತಿಳಿದು ಓದಿದರೆ ಅದರ ತೂಕವೇ ಬೇರೆ.

ಕ್ರೈಸ್ತ ಧರ್ಮವಾದರೂ ಶೋಕದ ವರ್ಷದಲ್ಲಿ ಕ್ರಿಸ್ಮಸ್ ಆಚರಿಸಬೇಡವೆಂದು ವಿಧಿಸಿಲ್ಲ. ನಿಜವಾಗಿ ನೋಡಿದರೆ ಆ ಹಬ್ಬದ ಕಥೆಯೊಳಗೇ ಸಾವಿನ ನೆರಳಿದೆ. ಪೂರ್ವದೇಶದ ಜ್ಞಾನಿಗಳು ಶಿಶುವಿಗೆ ತಂದ ಕಾಣಿಕೆಗಳಲ್ಲಿ ಚಿನ್ನ, ಧೂಪಗಳ ಜೊತೆಗೆ ರಕ್ತಬೋಳವೂ ಇತ್ತು. ಅದು ಹೆಣಕ್ಕೆ ಹಚ್ಚುವ ಸುಗಂಧದ್ರವ್ಯ. ಮುಂದೆ ಯೇಸುವಿನ ಶವಕ್ಕೂ ನಿಕೊದೇಮನು ಅದನ್ನೇ ತಂದನೆಂದು ಯೋಹಾನನ ಶುಭಸಂದೇಶ ಹೇಳುತ್ತದೆ. ಇನ್ನು ಡಿಸೆಂಬರ್ 28, ಅಂದರೆ ಹಬ್ಬ ಕಳೆದ ಮೂರನೆಯ ದಿನ, ಹೆರೋದ ರಾಜನು ಬೇತ್ಲೆಹೇಮಿನಲ್ಲಿ ಕೊಲ್ಲಿಸಿದ ಹಸುಳೆಗಳ ಸ್ಮರಣೆಯ ದಿನ. ಮಕ್ಕಳಿಗಾಗಿ ಅತ್ತು ಸಮಾಧಾನವನ್ನೊಲ್ಲದ ತಾಯಿ ರಾಹೇಲಳ ಮಾತು ಬರುವುದು ಈ ಪ್ರಸಂಗದಲ್ಲಿಯೇ. ಹಬ್ಬಕ್ಕೆ ಮೊದಲ ನಾಲ್ಕು ಭಾನುವಾರಗಳ ಆಗಮನ ಕಾಲವೂ ಸಡಗರದ ಕಾಲವಲ್ಲ. ಗುರುಗಳು ನೇರಳೆ ಬಣ್ಣದ ಉಡುಪು ಧರಿಸಿ, ಕಾಯುವಿಕೆಯನ್ನು ಬೋಧಿಸುವ ಕಾಲ. ಪೇಟೆಯವರು ನವೆಂಬರಿನಲ್ಲಿಯೇ ಹಾಡು ಹಾಕಿ ಮಾರಾಟ ಮಾಡುವುದರಿಂದ ಇದು ಜನರಿಗೆ ಮರೆತುಹೋಗಿದೆ, ಅಷ್ಟೆ.

ಬೇರೆ ದೇಶಗಳವರು ಇದಕ್ಕೆ ಕಂಡುಕೊಂಡಿರುವ ದಾರಿಗಳು ಸ್ವಾರಸ್ಯವಾಗಿವೆ. ಫಿನ್‌ಲೆಂಡಿನಲ್ಲಿ ಕ್ರಿಸ್ಮಸ್ಸಿನ ಹಿಂದಿನ ಸಂಜೆ ಕುಟುಂಬದವರೆಲ್ಲ ಸ್ಮಶಾನಕ್ಕೆ ಹೋಗಿ ತಮ್ಮವರ ಸಮಾಧಿಯ ಮೇಲೆ ಮೇಣದ ಬತ್ತಿ ಹಚ್ಚುತ್ತಾರೆ. ಆ ಉತ್ತರದೇಶದಲ್ಲಿ ಆಗ ಹಗಲು ಬಹು ಚಿಕ್ಕದು. ಹಿಮ ಮುಚ್ಚಿದ ಸ್ಮಶಾನಭೂಮಿಯೆಲ್ಲ ಆ ದೀಪಗಳಿಂದ ಬೆಳಗುತ್ತದೆ. ಪೋಲೆಂಡಿನವರು ಅದೇ ಸಂಜೆಯ ಊಟದ ಮೇಜಿನಲ್ಲಿ ಒಂದು ತಟ್ಟೆಯನ್ನು ಹೆಚ್ಚಿಗೆ ಇಡುವರು. ಅನಿರೀಕ್ಷಿತವಾಗಿ ಬರುವ ಅತಿಥಿಗೆಂದು ಕೆಲವರು, ಮನೆಯಿಂದ ಅಗಲಿದವರಿಗೆಂದು ಕೆಲವರು ಅದಕ್ಕೆ ಅರ್ಥ ಹೇಳುತ್ತಾರೆ. ಪಿತೃಪಕ್ಷದಲ್ಲಿ ಎಡೆಯಿಡುವ ನಮಗೆ ಆ ತಟ್ಟೆಯ ಭಾಷೆ ಸುಲಭವಾಗಿ ತಿಳಿಯುತ್ತದೆ. ಇತ್ತೀಚಿನ ದಶಕಗಳಲ್ಲಿ ಪಾಶ್ಚಾತ್ಯ ದೇಶಗಳ ಅನೇಕ ಚರ್ಚುಗಳು ಡಿಸೆಂಬರ್ 21ರ ಸುಮಾರಿಗೆ, ವರ್ಷದ ಅತಿ ದೀರ್ಘವಾದ ರಾತ್ರಿಯಂದು, ದುಃಖಿತರಿಗಾಗಿಯೇ ಒಂದು ಪ್ರಾರ್ಥನೆಯನ್ನು ನಡೆಸುತ್ತಿವೆ. ಅಲ್ಲಿ ಉತ್ಸಾಹದ ಗೀತೆಗಳಿಲ್ಲ. ಬಂದವರು ಅಳಬಹುದು, ಸುಮ್ಮನೆ ಕುಳಿತಿರಬಹುದು.

ಇನ್ನು ನಮ್ಮ ನಗರದ ಮಾತು. ಊರಿನಲ್ಲಿ ಒಂದು ಸಾವಾದರೆ ಸುತ್ತಲ ಹತ್ತು ಮನೆಗಳಿಗೂ ತಿಳಿಯುತ್ತದೆ; ಹೆಣ ಹೊತ್ತವರೇ ಹಬ್ಬದ ದಿನ ಬಾಗಿಲಿಗೆ ಬರುತ್ತಾರೆ. ನಮ್ಮಂತೆ ಹೊಟ್ಟೆಪಾಡಿಗೆ ವಲಸೆ ಬಂದವರ ಸ್ಥಿತಿ ಬೇರೆ. ಅಜ್ಜಿ ತೀರಿಕೊಂಡುದು ಬೆಳ್ತಂಗಡಿಯಲ್ಲಿ, ಮೊಮ್ಮಗು ಇರುವುದು ಚಾಳಿನ ಮೂರನೆಯ ಮಾಳಿಗೆಯಲ್ಲಿ. ಸುದ್ದಿ ಬರುವುದು ಫೋನಿನಲ್ಲಿ. ಬಹಳ ಸಲ ಮಣ್ಣಿಗೆ ಹೋಗುವುದಕ್ಕೂ ಆಗುವುದಿಲ್ಲ. ಪಕ್ಕದ ಕೋಣೆಯವರಿಗೆ ವಿಷಯವೇ ಗೊತ್ತಿಲ್ಲದೆ ಕೇಕು ಹಿಡಿದು ನಗುತ್ತ ಬರುತ್ತಾರೆ. ಇಂತಹ ನಗರದಲ್ಲಿ ತೂಗದ ನಕ್ಷತ್ರವೊಂದೇ ಆ ಮನೆಯ ಕಪ್ಪಂಚಿನ ಕಾಗದವಾಗಬೇಕಾಗಿದೆ.

ಆದರೆ ಮಕ್ಕಳ ವಿಷಯದಲ್ಲಿ ಈ ನಿಯಮವನ್ನು ಹಾಗೆಯೇ ಹೇರುವುದು ಸರಿಯೇ ಎಂದು ನಮಗೆ ಸಂದೇಹ. ನಮ್ಮ ತರಗತಿಯೊಂದರಲ್ಲಿ ಮಕ್ಕಳೆಲ್ಲ ಕಾಗದದ ನಕ್ಷತ್ರ ಕತ್ತರಿಸುತ್ತಿದ್ದಾಗ, ಮಳೆಗಾಲದಲ್ಲಿ ತಂದೆಯನ್ನು ಕಳೆದುಕೊಂಡ ಹುಡುಗನೊಬ್ಬ, "ಸಾರ್, ನಾನು ಮಾಡಬಹುದೋ? ಮನೆಯಲ್ಲಿ ಕಟ್ಟುವುದಿಲ್ಲ" ಎಂದು ಮೆಲ್ಲನೆ ಕೇಳಿದನು. "ಮಾಡಪ್ಪ, ಶಾಲೆಯಲ್ಲಿ ಕಟ್ಟೋಣ" ಎಂದೆವು. ಅವನು ಬಣ್ಣದ ಕಾಗದವನ್ನು ಬಿಟ್ಟು ಬಿಳಿಯದನ್ನೇ ಆರಿಸಿಕೊಂಡು, ಎಲ್ಲರಿಗಿಂತ ಅಚ್ಚುಕಟ್ಟಾಗಿ ಮಾಡಿದನು. ಪ್ರತಿವರ್ಷ ಕಡ್ಡಿ ಕಟ್ಟುವುದನ್ನು ಅವನಿಗೆ ಕಲಿಸಿದವರು ಅಪ್ಪನೇ ಎಂದು ಆಮೇಲೆ ತಿಳಿಯಿತು. ಹಿರಿಯರಿಗೆ ಅಲಂಕಾರವೆಂದರೆ ಸಂತೋಷದ ಗುರುತು, ಆದುದರಿಂದ ದುಃಖದಲ್ಲಿ ಅದು ಸಲ್ಲದು. ಮಗುವಿಗಾದರೋ ಅದು ತಂದೆಯೊಡನೆ ಕೂಡಿ ಮಾಡಿದ ಕೆಲಸ. ಅದನ್ನು ತಡೆದರೆ ತಂದೆ ಎರಡನೆಯ ಸಲ ಹೋದಂತೆ. ಆದಕಾರಣ ಮನೆಯ ಹಿರಿಯರು ನಿರ್ಧಾರ ಮಾಡುವ ಮುನ್ನ ಮಕ್ಕಳನ್ನು ಒಂದು ಮಾತು ಕೇಳುವುದು ಒಳ್ಳೆಯದು. ಬೇಡವೆಂದರೆ ಬಿಡುವುದು, ಬೇಕೆಂದರೆ ಅಷ್ಟಕ್ಕೆ ಸತ್ತವರಿಗೆ ಅಗೌರವವಾಗುವುದಿಲ್ಲ. ಶಾಲೆಯವರೂ ಅಂತಹ ಮಗುವನ್ನು ನೃತ್ಯಕ್ಕೆ ಬಲವಂತವಾಗಿ ಎಳೆಯಬಾರದು, ತಾವಾಗಿಯೇ ಹೊರಗಿಡಲೂಬಾರದು.

ಕೆಲವು ಮನೆಗಳವರು ನಡುದಾರಿಯನ್ನು ಹಿಡಿದಿರುವುದನ್ನೂ ನಾವು ಕಂಡಿದ್ದೇವೆ. ಬೀದಿಗೆ ಕಾಣುವ ನಕ್ಷತ್ರ, ಮಿನುಗುವ ದೀಪಮಾಲೆ, ಮರ ಇವನ್ನೆಲ್ಲ ಬಿಡುತ್ತಾರೆ. ಒಳಗಿನ ಗೋದಲಿಯನ್ನು ಮಾತ್ರ ಬಿಡುವುದಿಲ್ಲ. ಇಟಲಿಯ ಗ್ರೆಚ್ಚೊ ಎಂಬ ಹಳ್ಳಿಯಲ್ಲಿ 1223ರಲ್ಲಿ ಅಸ್ಸಿಸಿಯ ಸಂತ ಫ್ರಾನ್ಸಿಸನು ನಿಜವಾದ ಹುಲ್ಲು, ಎತ್ತು, ಕತ್ತೆಗಳನ್ನಿರಿಸಿ ಯೇಸುಜನನದ ದೃಶ್ಯವನ್ನು ತೋರಿಸಿದನು. ಗೋದಲಿಯ ಪ್ರಸಿದ್ಧಿಗೆ ಅದೇ ಕಾರಣ. ಅದು ಹೊರಗಿನವರಿಗೆ ಸಾರುವ ಸಂತೋಷವಲ್ಲ, ಮನೆಯೊಳಗಿನ ಪೂಜೆ. ದೀಪದ ಸರವಿಲ್ಲದೆ, ಒಂದೇ ಮೇಣದ ಬತ್ತಿಯ ಬೆಳಕಿನಲ್ಲಿಯೂ ಅದು ಪೂರ್ಣವಾಗಿರುತ್ತದೆ. ಅದರ ಪಕ್ಕದಲ್ಲಿ ಅಗಲಿದವರ ಭಾವಚಿತ್ರವಿರಿಸುವವರೂ ಉಂಟು. ಗೋದಲಿಯ ಹಸಿರಿಗಾಗಿ ತಟ್ಟೆಯಲ್ಲಿ ರಾಗಿಯನ್ನೋ ಭತ್ತವನ್ನೋ ಬಿತ್ತುವ ರೂಢಿ ಕೆಲವರಲ್ಲಿದೆ. ಹಬ್ಬಕ್ಕೆ ಹತ್ತು ಹನ್ನೆರಡು ದಿನ ಮುಂಚಿತವಾಗಿ ಬಿತ್ತಿ, ದಿನವೂ ಸ್ವಲ್ಪ ನೀರು ಚಿಮುಕಿಸಬೇಕು. ಆ ಕೆಲಸವನ್ನು ಸಾಮಾನ್ಯವಾಗಿ ಮನೆಯ ಕಿರಿಯರಿಗೆ ಒಪ್ಪಿಸುತ್ತಾರೆ.