ಕದ್ರಿ ಗುಡ್ಡೆಯ ನೀರು, ಗುಡ್ಡೆಯ ಅರಸರು

ಮಂಗಳೂರಿನ ನೆಲದ ಏರಿಳಿತ ತಿಳಿಯಬೇಕಾದರೆ ಸಿಟಿ ಬಸ್ಸುಗಳ ಬೋರ್ಡು ಓದಿದರೂ ಸಾಕು. ಪದವು ಎಂದರೆ ಗುಡ್ಡೆಯ ಮೇಲಿನ ಸಪಾಟು ನೆಲ. ಬೈಲು ಎಂದರೆ ಗುಡ್ಡೆಯ ಬುಡದ ಗದ್ದೆ. ಕದ್ರಿ ಪದವು ಮೇಲಿದೆ, ಕೊಡಿಯಾಲಬೈಲು ಕೆಳಗಿದೆ. ಗದ್ದೆಗಳ ಜಾಗದಲ್ಲಿ ಈಗ ಫ್ಲ್ಯಾಟುಗಳು ಎದ್ದಿವೆ, ಆದರೂ ಹೆಸರು ಅಳಿದಿಲ್ಲ. ಕದ್ರಿ ಕಂಬಳ ಎಂದು ಹೇಳಿ ಟಿಕೇಟು ಪಡೆಯುವ ಎಳೆಯರಿಗೆ ಅದು ಒಂದು ಬಡಾವಣೆ. ಹಿರಿಯರಿಗೆ ಅದು ಕೋಣಗಳು ಓಡುತ್ತಿದ್ದ ಕೆಸರುಗದ್ದೆಯ ನೆನಪು.

ಈ ಎಲ್ಲಕ್ಕೂ ಮೂಲ ಕದ್ರಿ ಗುಡ್ಡೆ, ಅದರಲ್ಲೂ ಗುಡ್ಡೆಯೊಳಗಿನ ನೀರು. ವರ್ಷಕ್ಕೆ ಸರಾಸರಿ 3,500 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಊರಿದು. ಇಲ್ಲಿಯ ಗುಡ್ಡೆಗಳೆಲ್ಲ ಮುರಕಲ್ಲಿನವು, ಮೈತುಂಬ ತೂತು. ಆಟಿ ತಿಂಗಳ ಮಳೆಯನ್ನು ಕುಡಿದು ಕುಳಿತ ಕಲ್ಲು ಬೇಸಿಗೆಯಲ್ಲಿ ಅದನ್ನು ಇಳಿಜಾರಿನ ಒರತೆಯಾಗಿ ಸ್ವಲ್ಪಸ್ವಲ್ಪವೇ ಬಿಟ್ಟುಕೊಡುತ್ತದೆ. ಮಂಜುನಾಥ ದೇವಸ್ಥಾನದ ಹಿಂದೆ ಗೋಮುಖದಿಂದ ಬೀಳುವ ನೀರು ಅಂಥ ಒರತೆಯದು. ಅದು ಪಕ್ಕದ ಸಾಲು ಕೆರೆಗಳನ್ನು ತುಂಬುತ್ತದೆ. ಭಕ್ತರು ಅಲ್ಲಿ ಮುಳುಗೆದ್ದು ಒದ್ದೆ ಬಟ್ಟೆಯಲ್ಲೇ ದೇವರೆದುರು ನಿಲ್ಲುತ್ತಾರೆ. ಏಪ್ರಿಲ್ ತಿಂಗಳ ಉರಿಯಲ್ಲಿ ಆ ನೀರಿಗೆ ಕೈಯೊಡ್ಡಿದವರಿಗೆ ಗೊತ್ತು, ದೇವಸ್ಥಾನ ಕಟ್ಟಲು ಹಿಂದಿನವರು ಈ ಜಾಗವನ್ನೇ ಏಕೆ ಆರಿಸಿದರೆಂದು.

ಒಳಗೆ ಹೋದವರು ಮಂಜುನಾಥನಿಗೆ ಕೈಮುಗಿದು ಅವಸರದಲ್ಲಿ ಹೊರಬರಬಾರದು. ಅಲ್ಲೊಂದು ಕಂಚಿನ ವಿಗ್ರಹವಿದೆ: ಮೂರು ಮುಖ, ಆರು ಕೈ, ಪದ್ಮಾಸನ, ಲೋಕೇಶ್ವರ ಎಂದು ಹೆಸರು. ಪೀಠದ ಸಂಸ್ಕೃತ ಶಾಸನದ ಪ್ರಕಾರ ಇದನ್ನು ಕ್ರಿ.ಶ. 968ರಲ್ಲಿ ಆಳುಪ ವಂಶದ ಅರಸ ಕುಂದವರ್ಮ ಕದರಿಕಾ ವಿಹಾರದಲ್ಲಿ ಪ್ರತಿಷ್ಠೆ ಮಾಡಿದ. ವಿಹಾರ ಎಂಬುದು ಬೌದ್ಧರ ಮಾತು. ಪ್ರತಿಷ್ಠೆ ಮಾಡಿದ ಅರಸನಾದರೋ ತನ್ನನ್ನು ಶಿವಭಕ್ತನೆಂದೇ ಹೇಳಿಕೊಂಡವನು. ಮಂಜುನಾಥ ಎಂಬ ಹೆಸರಿನಲ್ಲೇ ಬೌದ್ಧರ ಬೋಧಿಸತ್ವ ಮಂಜುಘೋಷನ ನೆನಪಿದೆ ಎಂದು ಮಂಜೇಶ್ವರದ ಗೋವಿಂದ ಪೈಗಳು ವಾದಿಸಿದರು. ವಾದ ಅಲ್ಲಿಗೆ ಮುಗಿದಿಲ್ಲ. ನನಗೆ ದೊಡ್ಡದಾಗಿ ಕಾಣುವುದು ಬೇರೆ ಸಂಗತಿ: ಮತ ಬದಲಾದರೂ ಯಾರೂ ಆ ವಿಗ್ರಹವನ್ನು ಹೊರಗೆ ಹಾಕಲಿಲ್ಲ. ಸಾವಿರ ವರ್ಷ ದಾಟಿದರೂ ಅದಕ್ಕೆ ಇಲ್ಲಿ ಹೂವು, ದೀಪ ಸಲ್ಲುತ್ತಿವೆ.

ದೇವಸ್ಥಾನದಿಂದ ಮೆಟ್ಟಿಲು ಹತ್ತಿ ಮೇಲೆ ಹೋದರೆ ಮುರಕಲ್ಲಿನಲ್ಲಿ ಕೊರೆದ ಗುಹೆಗಳು ಸಿಗುತ್ತವೆ. ಜನ ಅವನ್ನು ಪಾಂಡವರ ಗುಹೆ ಎನ್ನುತ್ತಾರೆ. ಅಲ್ಲೇ ಜೋಗಿ ಮಠವೂ ಇದೆ. ಮತ್ಸ್ಯೇಂದ್ರನಾಥ, ಗೋರಖನಾಥರ ನಾಥಪಂಥಕ್ಕೆ ಸೇರಿದ ಮಠ ಇದು. ಇದರ ಮುಖ್ಯಸ್ಥರನ್ನು ಸ್ವಾಮಿಗಳು ಎನ್ನುವ ಬದಲು ಅರಸರು ಎನ್ನುವುದು ವಾಡಿಕೆ. ಅವರಿಗೆ ಆಗುವುದೂ ಪಟ್ಟಾಭಿಷೇಕವೇ. 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲೆ ಈ ಗುಡ್ಡೆ ಹತ್ತಿ ಜೋಗಿಗಳ ಅರಸರನ್ನು ಕಂಡು ಬಂದ. ಅದು ಕೆಳದಿಯ ವೆಂಕಟಪ್ಪ ನಾಯಕನ ಕಾಲ. ಅರಮನೆ, ಆಸ್ಥಾನ ಕಾಣಲು ಹೋದವನಿಗೆ ಸಿಕ್ಕವರು ಬಿಳಿ ಗಡ್ಡದ ಒಬ್ಬ ಮುದುಕರು, ಹಳ್ಳಿಯ ಬೇಸಾಯಗಾರನ ಹಾಗೆ ತಮ್ಮ ಪಾಡಿಗೆ ಕೆಲಸದಲ್ಲಿದ್ದವರು.

ಆ ಪಟ್ಟ ಬರುವ ಬಗೆಯನ್ನು ಕರಾವಳಿಯ ಹೊರಗಿನವರು ಹೆಚ್ಚಾಗಿ ಕೇಳಿರುವುದಿಲ್ಲ. ಹನ್ನೆರಡು ವರ್ಷಕ್ಕೊಮ್ಮೆ ನಾಸಿಕದ ತ್ರ್ಯಂಬಕೇಶ್ವರದಲ್ಲಿ ಕುಂಭಮೇಳ ನಡೆದಾಗ ನಾಥಪಂಥದವರು ಕದ್ರಿಯ ಮುಂದಿನ ಅರಸರನ್ನು ಆರಿಸುತ್ತಾರೆ. ಅವರು ಪಾತ್ರದೇವತೆ ಎಂದು ಪೂಜಿಸುವ ಪಾತ್ರೆಯೊಡನೆ, ಜೋಗಿಗಳ ದೊಡ್ಡ ತಂಡ ಕಟ್ಟಿಕೊಂಡು ಕಾಲ್ನಡಿಗೆಯಲ್ಲೇ ಹೊರಡುತ್ತಾರೆ. ಈ ನಡಿಗೆಗೆ ಝುಂಡಿ ಎಂದು ಹೆಸರು. ಮಹಾರಾಷ್ಟ್ರ ದಾಟಿ, ಘಟ್ಟ ಇಳಿದು, ಊರೂರಲ್ಲಿ ತಂಗಿ, ತಿಂಗಳುಗಟ್ಟಲೆ ನಡೆದು ಶಿವರಾತ್ರಿಯ ಹೊತ್ತಿಗೆ ಕದ್ರಿ ಸೇರುತ್ತಾರೆ. ಪಟ್ಟವೇರಿದವರು ಮುಂದಿನ ಝುಂಡಿ ಬರುವವರೆಗೆ ಅರಸರು, ಆಮೇಲೆ ಬಂದವರಿಗೆ ಪೀಠ ಬಿಟ್ಟು ಹೊರಡಬೇಕು. ಮಗನಿಗೆ ಕೊಡುವ ಹಾಗಿಲ್ಲ, ಜೀವಮಾನವಿಡೀ ಇಟ್ಟುಕೊಳ್ಳುವ ಹಾಗೂ ಇಲ್ಲ.

ಗುಡ್ಡೆಯ ಹೆಸರನ್ನು ದೂರದೂರಿಗೆ ಒಯ್ದವರು ಕದ್ರಿ ಗೋಪಾಲನಾಥರು. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಕಂಡ ಸ್ಯಾಕ್ಸೋಫೋನಿಗೆ ಮನಸೋತು, ಅದರಲ್ಲಿ ಕರ್ನಾಟಕ ಸಂಗೀತದ ಗಮಕಗಳನ್ನು ನುಡಿಸಲು ವರ್ಷಗಟ್ಟಲೆ ಬೆವರು ಸುರಿಸಿದವರು. 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ, ಬಿಬಿಸಿ ಪ್ರಾಮ್ಸ್ ವೇದಿಕೆಯಲ್ಲಿ ನುಡಿಸಿದರು. 2019ರಲ್ಲಿ ತೀರಿಕೊಂಡರು.

ಗುಡ್ಡೆಯ ಇನ್ನೊಂದು ಮಗ್ಗುಲಿನ ಬಿಜೈಯಲ್ಲಿ ಶ್ರೀಮಂತಿ ಬಾಯಿ ಸ್ಮಾರಕ ವಸ್ತುಸಂಗ್ರಹಾಲಯವಿದೆ. ಹಡಗಿನ ಆಕಾರದ ಈ ಮನೆ ಒಬ್ಬ ವೈದ್ಯರು ತಾಯಿಯ ನೆನಪಿಗೆ ಬಿಟ್ಟುಕೊಟ್ಟದ್ದು. ಗುಡ್ಡೆಯ ಸುತ್ತಲಿನ ನಂತೂರು, ಮಲ್ಲಿಕಟ್ಟೆಗಳಲ್ಲಿ ಈಗ ವಾಹನಗಳ ಗದ್ದಲವೇ ಹೆಚ್ಚು.

ಈ ಕೇರಿಗಳಲ್ಲಿ ಮನೆ ಕಟ್ಟುವವರಲ್ಲಿ ನನ್ನದೊಂದು ಕೇಳಿಕೆ. ಅಂಗಳಕ್ಕೆಲ್ಲ ಕಾಂಕ್ರೀಟು ಬಳಿಯಬೇಡಿ, ಮಳೆಗೆ ಇಳಿಯಲು ಒಂದಿಷ್ಟು ಮಣ್ಣು ಬಿಡಿ. ಮುರಕಲ್ಲಿಗೆ ಕುಡಿಯಲು ಸಿಕ್ಕಿದರೆ ಮಾತ್ರ ಗೋಮುಖಕ್ಕೆ ನೀರು. ಆ ನೀರಿನ ಬಳಿಗೆ ಹೊಸ ಅರಸರೂ ಬರುವವರಿದ್ದಾರೆ. ಜೋಗಿ ಮಠದಲ್ಲಿ ಕಳೆದ ಸಲದ ಪಟ್ಟಾಭಿಷೇಕ ನಡೆದದ್ದು 2016ರಲ್ಲಿ. ನಾಸಿಕದ ಮುಂದಿನ ಕುಂಭಮೇಳ 2027ರಲ್ಲಿ ನಡೆಯಲಿದೆ, ಆಗ ಹೊಸ ಅರಸರು ಕದ್ರಿಯ ಕಡೆಗೆ ನಡೆಯತೊಡಗುತ್ತಾರೆ.